ಅಂಟುವುದು ಬೇರೆ, ಬೆಸೆಯುವುದು ಬೇರೆ

ನಮಸ್ಕಾರ. ಏಕಕೋಶ ಜೀವಿಗಳ ಪೊರೆಗಳು ಒಂದಾಗುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲಾಗದು. ಭಾಷೆ ಸಲೀಸಾಗಿದೆ, ತೊಡಕಿರುವುದು ವಿಷಯದಲ್ಲಿ.

ಕೋಶದೊಳಗೆ ಪೊರೆಗಳನ್ನು ಬೆಸೆಯುವ ಯೀಸ್ಟಿನ ಸ್ನೇರ್ ಪ್ರೊಟೀನುಗಳೇ ಕ್ಲಾಮಿಡೊಮೊನಾಸ್ ಎಂಬ ಏಕಕೋಶ ಪಾಚಿಯ ಲಿಂಗಾಣುಗಳನ್ನೂ (ಸಂತಾನಕ್ಕಾಗಿ ಜೋಡಿಯಾಗುವ ಕೋಶಗಳನ್ನೂ) ಕೂಡಿಸುತ್ತವೆ ಎಂದಿದ್ದೀರಿ. ಇದು ತಪ್ಪು. ಸ್ನೇರ್‌ಗಳು ಕೆಲಸ ಮಾಡುವುದು ಕೋಶದ್ರವದ ಕಡೆಯಿಂದ. ಯೀಸ್ಟಿನೊಳಗೆ ಎರಡು ರಸದಾನಿಗಳು (ದ್ರವ ತುಂಬಿದ ಚೀಲಗಳು) ಕೂಡುವಾಗ ಸ್ನೇರ್‌ಗಳ ನಾಲ್ಕು ಸುರುಳಿಗಳು ಹೆಣೆದುಕೊಂಡು ಪೊರೆಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಆ ಹೆಣಿಗೆಯನ್ನು ಬಿಚ್ಚಲು ಸೆಕ್18 ಎಂಬ ಪ್ರೊಟೀನು ಕೋಶದ ಶಕ್ತಿಯ ಅಣುವಾದ ಎಟಿಪಿಯನ್ನು ಖರ್ಚು ಮಾಡುತ್ತದೆ. ಎರಡು ಲಿಂಗಾಣುಗಳು ಸೇರುವಾಗಲಾದರೋ ಎದುರಾಗುವುದು ಪೊರೆಗಳ ಹೊರಮೈ. ಒಳಗಿನ ಸ್ನೇರ್‌ಗಳಿಗೆ ಅದು ಎಟುಕದು. ಅಲ್ಲಿ ಬೇಕಾದದ್ದು ಹೊರಮೈಯಲ್ಲಿರುವ ಹ್ಯಾಪ್2 ಎಂಬ ಬೇರೆ ಪ್ರೊಟೀನು.

ಉದ್ದಕ್ಕೂ ಎಳೆದಿರುವ 'ಮದುವೆ'ಯ ಹೋಲಿಕೆಯನ್ನು ತೆಗೆಯಿರಿ. ಅಂಟುವುದು, ಬೆಸೆಯುವುದು ಎಂಬ ಎರಡು ಬೇರೆ ಹಂತಗಳನ್ನು ಅದು ಒಂದೇ ಮಾಡಿಬಿಟ್ಟಿದೆ. ಸಾರಜನಕ ಇಲ್ಲದ ದ್ರವದಲ್ಲಿ ಕೋಶಗಳು ಲಿಂಗಾಣುಗಳಾಗುತ್ತವೆ. ಪ್ಲಸ್ ಮತ್ತು ಮೈನಸ್ ಎಂಬ ಎರಡು ಲಿಂಗ ಬಗೆಗಳನ್ನು ಬೆರೆಸಿದರೆ ಕಶಾಂಗಗಳು (ಈಜಲು ನೆರವಾಗುವ ಚಾವಟಿಯಂಥ ಎಳೆಗಳು) ಅಂಟಿಕೊಳ್ಳುತ್ತವೆ, ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತ ಅಣು ಏರುತ್ತದೆ, ಕೋಶಭಿತ್ತಿ ಕಳಚುತ್ತದೆ. ಆಮೇಲೆ ಪ್ಲಸ್ ಕೋಶದ ಫಸ್1 ಪ್ರೊಟೀನು ಪೊರೆಗಳನ್ನು ಅಂಟಿಸುತ್ತದೆ, ಮೈನಸ್ ಕೋಶದ ಹ್ಯಾಪ್2 ಬೆಸೆಯುತ್ತದೆ. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹ್ಯಾಪ್2 ಇಲ್ಲದ ಕೋಶಗಳು ಗಟ್ಟಿಯಾಗಿ ಅಂಟಿಕೊಂಡವು, ಆದರೆ ಒಂದಾಗಲಿಲ್ಲ. ಇಲಿಗಳ ಮಲೇರಿಯಾ ಪರಾವಲಂಬಿಯ ಗಂಡು ಲಿಂಗಾಣುವಿನಲ್ಲೂ ಕಂಡದ್ದು ಅದೇ. ಲೇಖನದ ನಡುಗಂಬವಾಗಬೇಕಾದ ಈ ಪುರಾವೆ ನಿಮ್ಮಲ್ಲಿ ಇಲ್ಲವೇ ಇಲ್ಲ!

ಲೆಕ್ಕವೂ ತಪ್ಪಿದೆ. ನಿಮ್ಮ ಉದಾಹರಣೆಯಲ್ಲಿ ನಾಲ್ಕು ಕಶಾಂಗಗಳ ಕೋಶ 40, ಎರಡು ಕಶಾಂಗಗಳವು 20. ಕೂಡಿದ್ದು ಶೇ 67 ಎಂದು ಬರೆದಿದ್ದೀರಿ. ಒಂದೊಂದು ಲಿಂಗಾಣುವಿಗೆ ಎರಡು ಕಶಾಂಗ, ಎರಡು ಕೂಡಿದರೆ ನಾಲ್ಕು. ಹಾಗಾಗಿ ಆ 40 ಕೋಶಗಳು ಹುಟ್ಟಿದ್ದು 80 ಲಿಂಗಾಣುಗಳಿಂದ. ಒಟ್ಟು 100ರಲ್ಲಿ 80, ಅಂದರೆ ಶೇ 80. ಬರೇ ಕಶಾಂಗಗಳಿಂದ ಅಂಟಿಕೊಂಡ ಜೋಡಿಯನ್ನು ಕೂಡಿದ ಕೋಶವೆಂದು ಎಣಿಸಬಾರದು ಎಂಬುದನ್ನೂ ಸೇರಿಸಿ. ತಡವಾಗಿ ಎಣಿಸಿದರೂ ಕೆಡುತ್ತದೆ, ಏಕೆಂದರೆ ಕೂಡಿ ಆದ ಕೋಶ, ಅಂದರೆ ಯುಗ್ಮಜ, ತನ್ನ ಕಶಾಂಗಗಳನ್ನು ಒಳಗೆಳೆದುಕೊಳ್ಳುತ್ತದೆ.

ಡೆಂಗಿ ವೈರಸ್ಸಿನ ಮಾತನ್ನು ಕೊನೆಯ ಸಾಲಿಗೆ ತಳ್ಳಿದ್ದೇಕೆ? 2017ರಲ್ಲಿ ಹ್ಯಾಪ್2 ರಚನೆ ಗೊತ್ತಾದಾಗ ಅದು ಡೆಂಗಿ, ಜಿಕಾ ವೈರಸ್‌ಗಳ ಹೊರಕವಚದ ಬೆಸುಗೆ ಪ್ರೊಟೀನನ್ನೇ ಹೋಲುತ್ತಿತ್ತು. ನೀರನ್ನು ದೂರವಿಡುವ ಕುಣಿಕೆ ಎದುರಿನ ಪೊರೆಗೆ ನಾಟುತ್ತದೆ, ಮೂರು ಅಣುಗಳು ಒಟ್ಟಾಗಿ ಹಿಂದಕ್ಕೆ ಮಡಚಿಕೊಂಡು ಎರಡೂ ಪೊರೆಗಳನ್ನು ಸೆಳೆಯುತ್ತವೆ. ಓದುಗರು ಹಿಡಿದು ಕೂರುವುದು ಇಲ್ಲಿಯೇ. ಇದಕ್ಕೆ ಎರಡು ಪ್ಯಾರಾ ಕೊಡಿ, ಸ್ನೇರ್ ಭಾಗವನ್ನು ಅರ್ಧಕ್ಕಿಳಿಸಿ, ತಿದ್ದಿ ಕಳಿಸಿ.