ಸ್ಯಾನ್ ಡಿಯೇಗೊ ಕನ್ವೆನ್ಷನ್ ಸೆಂಟರ್‌ಗೆ ಹೋಗುವವರು ಎಲ್ಲಿ ಉಳಿಯಬೇಕು, ಸುತ್ತಮುತ್ತ ಏನು ನೋಡಬಹುದು?

ಮೊದಲು ವಸತಿಯ ಮಾತು. ಸಭಾಂಗಣದ ಒಂದು ಪಕ್ಕಕ್ಕೆ ಹಿಲ್ಟನ್ ಬೇಫ್ರಂಟ್, ಇನ್ನೊಂದು ಪಕ್ಕಕ್ಕೆ ಮ್ಯಾರಿಯಟ್ ಮಾರ್ಕಿ ಹೋಟೆಲ್‌ಗಳಿವೆ. ಖರ್ಚನ್ನು ಕಚೇರಿ ಭರಿಸುವುದಾದರೆ ಅವೇ ಅನುಕೂಲ. ಸ್ವಂತ ಹಣವಾದರೆ ನನ್ನ ಸಲಹೆ ಬೇರೆ: ಟ್ರಾಲಿ ಎಂಬ ನಗರ ರೈಲಿನ ಗ್ರೀನ್ ಲೈನ್ ಸಾಗುವ ಓಲ್ಡ್ ಟೌನ್ ಅಥವಾ ಮಿಷನ್ ವ್ಯಾಲಿಯಲ್ಲಿ ಕೊಠಡಿ ಹುಡುಕಿ. ಬೆಳಿಗ್ಗೆ ಹತ್ತಿದರೆ ನಡುವೆ ಗಾಡಿ ಬದಲಿಸದೆ ಸಭಾಂಗಣದ ಎದುರೇ ಇಳಿಯಬಹುದು. ಜುಲೈ ತಿಂಗಳಾದರೆ ಮಾತ್ರ ಎಚ್ಚರ. ಕಾಮಿಕ್-ಕಾನ್ ಎಂಬ ಕಾಮಿಕ್ಸ್ ಅಭಿಮಾನಿಗಳ ದೊಡ್ಡ ಸಮ್ಮೇಳನದ ಸಮಯದಲ್ಲಿ ಊರಿಡೀ ತುಂಬಿರುತ್ತದೆ. ತಿಂಗಳುಗಳ ಮೊದಲೇ ಕಾಯ್ದಿರಿಸದಿದ್ದರೆ ಕೊಠಡಿ ಸಿಗುವುದು ಕಷ್ಟ.

1989ರಲ್ಲಿ ತೆರೆದ ಈ ಕಟ್ಟಡದ ಮೇಲ್ಭಾಗದಲ್ಲಿ ಹಡಗಿನ ಹಾಯಿಗಳಂತೆ ಬಿಳಿ ಬಟ್ಟೆಯ ಚಾವಣಿಯಿದೆ. ಹಿಂಬದಿಗೆ ನಡೆದರೆ ಸಮುದ್ರ ಕೊಲ್ಲಿ. ಅಲ್ಲಿಂದಲೇ ಕೊಲ್ಲಿಯಾಚೆಯ ಕೊರೊನಾಡೊ ಊರಿಗೆ ದೋಣಿ ಹೊರಡುತ್ತದೆ, ಸಂಜೆಯ ಪಯಣವನ್ನು ತಪ್ಪಿಸಬೇಡಿ.

ರಸ್ತೆ ದಾಟಿದರೆ ಹತ್ತೊಂಬತ್ತನೇ ಶತಮಾನದ ಕಟ್ಟಡಗಳ ಗ್ಯಾಸ್‌ಲ್ಯಾಂಪ್ ಕ್ವಾರ್ಟರ್. ಊಟಕ್ಕೆ ಬೇರೆಲ್ಲೂ ಹೋಗಬೇಕಿಲ್ಲ, ಗದ್ದಲ ಸಹಿಸಬೇಕು ಅಷ್ಟೆ. ಪಕ್ಕದಲ್ಲೇ ಪೆಟ್ಕೊ ಪಾರ್ಕ್ ಬೇಸ್‌ಬಾಲ್ ಮೈದಾನ. ಪಂದ್ಯವಿರುವ ದಿನ ಕಾರು ನಿಲ್ಲಿಸಲು ಜಾಗ ಹುಡುಕುವ ಸಾಹಸ ಬೇಡ.

ಒಂದೇ ಒಂದು ಜಾಗಕ್ಕೆ ಬಿಡುವಿದ್ದರೆ ಯುಎಸ್‌ಎಸ್ ಮಿಡ್‌ವೇ ನೋಡಿ. 1945ರಿಂದ 1992ರವರೆಗೆ ಸೇವೆಯಲ್ಲಿದ್ದ ಈ ವಿಮಾನವಾಹಕ ನೌಕೆ 2004ರಿಂದ ವಸ್ತುಸಂಗ್ರಹಾಲಯವಾಗಿದೆ. ದಡದುದ್ದಕ್ಕೂ ಉತ್ತರಕ್ಕೆ ನಡೆದೇ ಹೋಗಬಹುದು. ಒಳಗಿನ ಏಣಿಗಳು ಕಡಿದಾಗಿವೆ, ಸಭೆಗೆ ಹಾಕಿದ ಬೂಟು ಬದಲಿಸಿಕೊಂಡು ಹೋಗಿ. ವಸ್ತುಸಂಗ್ರಹಾಲಯಗಳೂ ತೋಟಗಳೂ ಇರುವ ದೊಡ್ಡ ಉದ್ಯಾನ ಬಾಲ್ಬೋವಾ ಪಾರ್ಕ್‌ಗೆ ಮಾತ್ರ ಇಡೀ ದಿನ ಬೇಕು.