ಎಲ್ಲರದ್ದೂ ಬೇರೆ ಬೇರೆ ಪ್ರಾಜೆಕ್ಟ್ ಆದರೆ ಟೀಮ್‌ವರ್ಕ್ ಹೇಗೆ?

ಆಫೀಸಿನಲ್ಲಿ ಆರು ಜನ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪ್ರಾಜೆಕ್ಟ್, ಹೀಗಿದ್ದರೆ ಟೀಮ್ ಅನ್ನೋದಕ್ಕೆ ಅರ್ಥ ಏನು ಅಂತ ಕೇಳಿದ್ದೀರಿ. ನಾನೂ ಅಂಥದ್ದೇ ಸಣ್ಣ ಕಂಪನಿಯಲ್ಲಿ ನಾಲ್ಕು ವರ್ಷ ಇದ್ದೆ. ಒಂದೇ ಕೋಣೆ, ಒಂದೇ ಕಾಫಿ ಫ್ಲಾಸ್ಕ್. ಪಕ್ಕದವನು ಏನು ಬರೀತಿದ್ದಾನೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಕಣ್ಣು ತೆರೆಸಿದ್ದು ಒಂದು ಬಿಲ್ಲಿನ ತಾರೀಖು. ನನ್ನದು ಲಾಡ್ಜ್‌ಗಳ ಬಿಲ್ಲಿಂಗ್ ಸಾಫ್ಟ್‌ವೇರ್. ಏಪ್ರಿಲ್ 1ರ ನಡುರಾತ್ರಿ ಒಂದು ಗಂಟೆಗೆ ಮಾಡಿದ ಬಿಲ್ಲು ರಿಪೋರ್ಟಿನಲ್ಲಿ ಮಾರ್ಚ್ 31ಕ್ಕೆ ಹೋಗಿ ಕೂತಿತ್ತು. ಹಣಕಾಸು ವರ್ಷವೇ ಅದಲುಬದಲು! ಎರಡು ದಿನ ಕೋಡ್ ಜಾಲಾಡಿದೆ. ಕೊನೆಗೆ ನೋಡಿದರೆ ಸರ್ವರ್ ಗಡಿಯಾರ ಯುಟಿಸಿಯಲ್ಲಿದೆ, ಅಂದರೆ ಜಗತ್ತಿಗೆಲ್ಲ ಒಂದೇ ಅಂತ ಇಟ್ಟುಕೊಂಡ ಸಮಯದಲ್ಲಿ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಹಾಗಾಗಿ ನಡುರಾತ್ರಿಯಿಂದ ಬೆಳಗಿನ 5.30ರ ತನಕದ ಬಿಲ್ಲೆಲ್ಲ ಹಿಂದಿನ ದಿನದ ಲೆಕ್ಕಕ್ಕೆ. ಡೇಟಾಬೇಸ್‌ನಲ್ಲಿ ಯುಟಿಸಿ ಇರಲಿ, ದಿನದ ಲೆಕ್ಕ ಹಾಕುವ ಮೊದಲು ನಮ್ಮ ಟೈಮಿಗೆ ಬದಲಿಸಬೇಕು, ಅಷ್ಟೇ. ಖುಷಿಯಿಂದ ಪಕ್ಕದ ಟೇಬಲ್ಲಿನವನಿಗೆ ಹೇಳಿದೆ. “ಓ ಅದಾ? ನನ್ನ ಲಾರಿ ಬುಕಿಂಗ್‌ನಲ್ಲೂ ಬಂದಿತ್ತು ಮಾರಾಯ, ದೀಪಾವಳಿ ಹೊತ್ತಿಗೇ ಸರಿ ಮಾಡಿದೆ” ಅಂದ.

ಆಮೇಲೆ ಬುಧವಾರ ಊಟ ಆದಮೇಲೆ ಅರ್ಧ ಗಂಟೆ ಕೂರಲು ಶುರು ಮಾಡಿದೆವು. ಎಷ್ಟು ಕೆಲಸ ಮುಗಿಯಿತು ಅನ್ನುವ ಮಾತು ಬೇಡ, ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಹೇಳಿದರೆ ಸಾಕು. ಮ್ಯಾನೇಜರ್ ಬಂದ ವಾರ ಯಾರೂ ಬಾಯಿ ಬಿಡಲಿಲ್ಲ. ಪುಣ್ಯಕ್ಕೆ ಅವರೇ ಬರೋದು ಬಿಟ್ಟರು.

ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇನ್ನೊಂದು. ತಿಂಗಳಿಗೊಮ್ಮೆ ನನ್ನ ಪ್ರಾಜೆಕ್ಟನ್ನು ಆ ಪಕ್ಕದ ಟೇಬಲ್ಲಿನವನು ತನ್ನ ಲ್ಯಾಪ್‌ಟಾಪ್‌ನಲ್ಲಿ ರೀಡ್‌ಮಿ (ಪ್ರಾಜೆಕ್ಟ್ ಓಡಿಸೋದು ಹೇಗೆ ಅಂತ ಬರೆದಿಟ್ಟ ಫೈಲ್) ನೋಡಿಕೊಂಡೇ ಮೊದಲಿನಿಂದ ಓಡಿಸಬೇಕು. ನಾನು ಪಕ್ಕದಲ್ಲೇ ಕೂರಬೇಕು, ತುಟಿ ಬಿಚ್ಚುವ ಹಾಗಿಲ್ಲ. ಮೊದಲ ಸಲ ಮೂರು ಗಂಟೆ ಹಿಡಿಯಿತು. ಎಸ್‌ಎಂಎಸ್ ಕಳಿಸಲು ಬೇಕಾದ ಒಂದು ಸೆಟ್ಟಿಂಗ್ ನನ್ನ ಲ್ಯಾಪ್‌ಟಾಪ್ ಬಿಟ್ಟು ಇನ್ನೆಲ್ಲೂ ಇರಲಿಲ್ಲ! ಸುಮ್ನೆ ನೋಡ್ತಾ ಕೂರೋದು ಎಂಥ ಹಿಂಸೆ ಅಂತ ಕೂತವರಿಗೇ ಗೊತ್ತು.

ಬೇರೆಯವರ ಪ್ರಾಜೆಕ್ಟಿನಲ್ಲಿ ನಿಮಗೇನು ಕೆಲಸ ಅಂತ ನಿಮ್ಮ ಬಾಸ್ ಕೇಳಿದರೆ ಎಕ್ಸ್‌ಜೆಡ್ ಕಥೆ ಹೇಳಿ. ಲಿನಕ್ಸ್ ಕಂಪ್ಯೂಟರುಗಳಲ್ಲಿ ಎಲ್ಲ ಕಡೆ ಬಳಸುವ ಆ ಕಂಪ್ರೆಷನ್ ಲೈಬ್ರರಿಯನ್ನು (ಫೈಲು ಕುಗ್ಗಿಸುವ ಕೋಡ್) ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡಿದ್ದರು. ಅವರು ದಣಿದಾಗ ನೆರವಿಗೆ ಅಂತ ಬಂದವನೇ ಒಳಗೆ ಕಳ್ಳಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಂಡ್. ದೂರದ ಕಂಪ್ಯೂಟರಿನೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗಿದೆಯಲ್ಲ ಅಂತ ಅವರಿಗೆ ಅನುಮಾನ ಬಂತು. ಅವರು ಎಕ್ಸ್‌ಜೆಡ್ ಕಡೆಯವರೇ ಅಲ್ಲ, ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನ ಡೆವಲಪರ್.

ನಿಮ್ಮಲ್ಲಿ ಮೀಟಿಂಗ್ ಅಂದರೆ ಎಲ್ಲರೂ ಮುಖ ಸಿಂಡರಿಸುತ್ತಾರೆ ಅಂದಿದ್ದೀರಿ. ಹಾಗಾದರೆ ರೀಡ್‌ಮಿಯಿಂದಲೇ ಶುರು ಮಾಡಿ. ಈ ಶುಕ್ರವಾರ ಪಕ್ಕದವರಿಗೆ ಲಿಂಕ್ ಕೊಟ್ಟು ಕೂರಿ. ಅವರ ಕೈಯಿಂದ ಕೀಬೋರ್ಡ್ ಮಾತ್ರ ಕಿತ್ತುಕೊಳ್ಳಬೇಡಿ.