ಓದುಗರ ಪ್ರಶ್ನೆ, ನಮ್ಮ ಉತ್ತರ: ತೇಲುವ ಅಕ್ಕಿ, ಜಿಗಿ ಹಿಡಿಸುವ ಕೂಲರ್, ಹತ್ತು ರೂಪಾಯಿ ನಾಣ್ಯ

ಪ್ರಶ್ನೆ: ರೇಷನ್ ಅಕ್ಕಿ ತೊಳಿಯುವಾಗ ಒಂದಿಷ್ಟು ಕಾಳು ಮ್ಯಾಲೆ ತೇಲತಾವ್ರಿ. ಪ್ಲಾಸ್ಟಿಕ್ ಅಕ್ಕಿ ಅಂತ ವಾಟ್ಸ್‌ಆ್ಯಪ್‌ನ್ಯಾಗ ವಿಡಿಯೊ ಬಂದಾವ. ಆರಿಸಿ ಒಗೀಬೇಕೇನ್ರಿ?
– ಗೃಹಿಣಿ, ಕಾರಟಗಿ

ಒಗೆಯಬೇಡಿ ತಾಯಿ. ಅವು ಸಾರವರ್ಧಿತ ಅಕ್ಕಿಯ ಕಾಳುಗಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಸೇರಿಸಿ ಕಲಸಿ, ಶಾವಿಗೆಯಂತೆ ಯಂತ್ರದಲ್ಲಿ ಒತ್ತಿ, ಅಕ್ಕಿಯ ಉದ್ದಕ್ಕೆ ಕತ್ತರಿಸಿ ಒಣಗಿಸುತ್ತಾರೆ. 100 ಕೆ.ಜಿ. ಅಕ್ಕಿಗೆ ಇಂಥ ಕಾಳು 1 ಕೆ.ಜಿ. ಬೆರೆಸುತ್ತಾರೆ. ಒತ್ತಿ ಮಾಡಿದ್ದರಿಂದ ಅದು ಗದ್ದೆಯ ಅಕ್ಕಿಗಿಂತ ಸ್ವಲ್ಪ ಹಗುರ, ಬಣ್ಣ ತುಸು ಹಳದಿ, ಆಕಾರ ಎಲ್ಲ ಒಂದೇ ಸಮ. ಅನುಮಾನ ಹುಟ್ಟುವುದು ಇದರಿಂದಲೇ. ಚೀಲದ ಮೇಲೆ ಕೂಡಿಸುವ ಗುರುತಿನ ಜೊತೆ ‘ಎಫ್’ ಅಕ್ಷರವಿರುವ ನೀಲಿ ಮುದ್ರೆ ಇದ್ದರೆ ಅದು ಇದೇ ಅಕ್ಕಿ.

ಮನೆಯಲ್ಲೇ ಪರೀಕ್ಷೆ ಮಾಡಬೇಕೆಂದರೆ ಹತ್ತು ತೇಲುವ ಕಾಳನ್ನು ಬೇಯಿಸಿ, ಬೆರಳಲ್ಲಿ ಹಿಚುಕಿ. ಹಿಟ್ಟಾದರೆ ಅಕ್ಕಿ, ಪ್ಲಾಸ್ಟಿಕ್ ಕುದಿಯುವ ನೀರಲ್ಲಿ ಅರಳಿ ಹಿಟ್ಟಾಗುವುದಿಲ್ಲ. ಬೆಂದ ಕಾಳಿನ ಮೇಲೆ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ಹನಿ ಬಿಟ್ಟರೆ ಗಂಜಿಯ ಅಂಶಕ್ಕೆ ಕಡುನೀಲಿ ಬಣ್ಣ ಬರುತ್ತದೆ. ವಿಡಿಯೊಗಳಲ್ಲಿ ಅಕ್ಕಿಗೆ ಬೆಂಕಿ ಹಚ್ಚುವುದು, ಅನ್ನದ ಉಂಡೆಯನ್ನು ನೆಲಕ್ಕೆ ಬಡಿದು ಪುಟಿಸುವುದು ಯಾವುದನ್ನೂ ರುಜುವಾತು ಮಾಡುವುದಿಲ್ಲ. ಒಳ್ಳೆಯ ಸೋನಾ ಮಸೂರಿಯೂ ಸುಡುತ್ತದೆ, ಅದರ ಅನ್ನದ ಉಂಡೆಯೂ ಪುಟಿಯುತ್ತದೆ. ಅಲ್ಲದೆ ಅಕ್ಕಿಗಿಂತ ಪ್ಲಾಸ್ಟಿಕ್ಕೇ ದುಬಾರಿ. ಅದನ್ನು ಬೆರೆಸಿದ ಗಿರಣಿಗೆ ನಷ್ಟವೇ ಹೊರತು ಲಾಭವಿಲ್ಲ.

ಎರಡು ಸಲ ಮೆತ್ತಗೆ ತೊಳೆದರೆ ಸಾಕು. ಬಸಿದು ಗಂಜಿ ಚೆಲ್ಲುವ ಬದಲು ಇಂಗುವಷ್ಟೇ ನೀರಿಟ್ಟು ಬೇಯಿಸಿ, ಬಿ12 ಮತ್ತು ಫೋಲಿಕ್ ಆಮ್ಲ ನೀರಲ್ಲಿ ಕರಗಿ ಹೋಗುವಂಥವು. ಹುಳು ಬಿದ್ದಿದ್ದರೆ, ಮುಗ್ಗು ವಾಸನೆ ಇದ್ದರೆ ಮಾತ್ರ ನ್ಯಾಯಬೆಲೆ ಅಂಗಡಿಗೆ ವಾಪಸು ಒಯ್ದು ಬದಲಿಸಿ ಕೇಳಿ. ಅದು ನಿಮ್ಮ ಹಕ್ಕು.

ಪ್ರಶ್ನೆ: ಹತ್ತರ ನಾಣ್ಯ ನಡೆಯಂಗಿಲ್ಲ ಅಂತ ಕಿರಾಣಿ ಅಂಗಡ್ಯಾಗೂ ಅಂತಾರ, ಆಟೋದವ್ರೂ ಅಂತಾರ. ಹತ್ತು ಗೆರೆ ಇದ್ದದ್ದು ಖರೆ, ಹದಿನೈದು ಗೆರೆ ಇದ್ದದ್ದು ಖೊಟ್ಟಿ ಅಂತಾರಲ್ರಿ?
– ವಿದ್ಯಾರ್ಥಿ, ಕೊಪ್ಪಳ

ಎರಡೂ ಖರೆ. ಹತ್ತು ರೂಪಾಯಿಯಲ್ಲಿ ಅಲ್ಲಿಯವರೆಗೆ 14 ವಿನ್ಯಾಸಗಳು ಬಂದಿವೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಪ್ರಕಟಣೆ ಹೊರಡಿಸಿದೆ. ರೂಪಾಯಿ ಚಿಹ್ನೆ ನಾಣ್ಯಗಳ ಮೇಲೆ ಬಂದದ್ದು 2011ರಲ್ಲಿ, ಅದಕ್ಕೂ ಹಿಂದಿನವುಗಳಲ್ಲಿ ಅದು ಇಲ್ಲದಿರುವುದು ಸಹಜ. 14440ಕ್ಕೆ ಫೋನ್ ಮಾಡಿದರೆ ಕರೆ ತಾನಾಗಿ ಕಡಿದು, ಮರಳಿ ಕರೆ ಬಂದು ಇದೇ ಮಾಹಿತಿ ಕೇಳಿಸುತ್ತದೆ. ಅಂಗಡಿಯವರ ಎದುರೇ ಸ್ಪೀಕರ್ ಹಾಕಿ ಕೇಳಿಸಿ. ಒಂದು ಮಿತಿಯಿದೆ: 2011ರ ನಾಣ್ಯ ಕಾಯ್ದೆಯಂತೆ, ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ ಒಮ್ಮೆಗೆ 1000 ರೂಪಾಯಿವರೆಗೆ ಮಾತ್ರ ಕಾನೂನುಬದ್ಧ ಪಾವತಿ.

ಪ್ರಶ್ನೆ: ಕೂಲರ್ ಹಚ್ಚಿದ್ರ ಒಂದ್ ತಾಸು ತಂಪು, ಆಮ್ಯಾಲೆ ಮೈಯೆಲ್ಲ ಜಿಗಿಜಿಗಿ. ಪ್ಯಾಡಿನ ಮ್ಯಾಲೆ ಬಿಳಿ ಸುಣ್ಣ ಕಟ್ಟೇತಿ, ನಾತನೂ ಹೊಡಿತೈತಿ. ಹೊಸಾದು ತರಬೇಕೇನ್ರಿ?
– ಬಟ್ಟೆ ಅಂಗಡಿಯವರು, ರಾಯಚೂರು

ಮೊದಲು ಕೂಲರ್ ಇಟ್ಟ ಜಾಗ ನೋಡಿ. ಒಣ ಗಾಳಿ ಒದ್ದೆ ಪ್ಯಾಡಿನೊಳಗೆ ಹಾದಾಗ ನೀರು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. 40 ಡಿಗ್ರಿ ಬಿಸಿಯ, ಶೇ 20ರಷ್ಟು ತೇವದ ಗಾಳಿಯನ್ನು ಒಳ್ಳೆಯ ಕೂಲರ್ 26–27 ಡಿಗ್ರಿಗೆ ಇಳಿಸಬಲ್ಲದು. ರಾಯಚೂರು, ಬಳ್ಳಾರಿಯ ಏಪ್ರಿಲ್–ಮೇ ಮಧ್ಯಾಹ್ನಕ್ಕೆ ಇದಕ್ಕಿಂತ ಅಗ್ಗದ ತಂಪಿಲ್ಲ. ಆದರೆ ಕೂಲರನ್ನು ಕೋಣೆಯೊಳಗಿಟ್ಟು ಬಾಗಿಲು ಮುಚ್ಚಿದರೆ ಅದೇ ತೇವದ ಗಾಳಿ ಮತ್ತೆ ಮತ್ತೆ ಪ್ಯಾಡಿಗೆ ಹೋಗುತ್ತದೆ. ಜಿಗಿ ಬರುವುದು ಆಗ. ಕೂಲರಿನ ಬೆನ್ನು ಕಿಟಕಿಯ ಹೊರಗಿರಬೇಕು, ಎದುರಿನ ಕಿಟಕಿ ಇಲ್ಲವೇ ಬಾಗಿಲು ಅರ್ಧ ತೆರೆದಿರಬೇಕು. ಜೂನ್‌ನಲ್ಲಿ ಮಳೆ ಬಿದ್ದು ತೇವ ಶೇ 60 ಆದ ದಿನ 35 ಡಿಗ್ರಿಯನ್ನು 30ರ ಕೆಳಗೆ ತರುವುದೂ ಕಷ್ಟ. ಅಂದು ಪಂಪ್ ಬಂದ್ ಮಾಡಿ ಫ್ಯಾನ್ ಮಾತ್ರ ಇಡಿ.

ಸುಣ್ಣ ಕಟ್ಟುವುದು ಬೋರಿನ ಗಡಸು ನೀರಿನಿಂದ. ನೀರು ಆವಿಯಾಗಿ ಹೋಗುತ್ತದೆ, ಲವಣ ಟ್ಯಾಂಕಿನಲ್ಲೇ ಉಳಿಯುತ್ತದೆ. ಬರೀ ಮೇಲಿಂದ ಮೇಲೆ ತುಂಬುತ್ತಾ ಹೋದರೆ ನೀರು ದಿನೇದಿನೇ ಇನ್ನಷ್ಟು ಉಪ್ಪಾಗುತ್ತದೆ. ಎರಡು–ಮೂರು ದಿನಕ್ಕೊಮ್ಮೆ ತಳದ ಬಿರಡೆ ತೆಗೆದು ಪೂರ್ತಿ ಖಾಲಿ ಮಾಡಿ. ಕಟ್ಟಿದ ಸುಣ್ಣಕ್ಕೆ ಪ್ಲಗ್ ಕಿತ್ತು, 5 ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ ಪಂಪ್ ಮತ್ತು ಪ್ಯಾಡಿಗೆ ನೀರು ಹನಿಸುವ ಕೊಳವೆಯನ್ನು ಅರ್ಧ ತಾಸು ನೆನೆಸಿ, ಮೆತ್ತನೆ ಬ್ರಷ್‌ನಿಂದ ಉಜ್ಜಿ. ಕೊಳವೆಯ ತೂತುಗಳನ್ನು ಸೂಜಿಯಿಂದ ಬಿಡಿಸಿ. ಒಂದು ತೂತು ಕಟ್ಟಿದರೂ ಅದರ ಕೆಳಗಿನ ಪ್ಯಾಡ್ ಒಣಗಿ, ಅಲ್ಲಿಂದ ಬಿಸಿ ಗಾಳಿ ಸೀದಾ ಒಳಗೆ ಬರುತ್ತದೆ. ಹುಲ್ಲಿನ ಪ್ಯಾಡನ್ನು ಪ್ರತಿ ಬೇಸಿಗೆಗೆ ಬದಲಿಸಿ. ಜೇನುಗೂಡಿನ ಪ್ಯಾಡ್ ಎರಡು–ಮೂರು ವರ್ಷ ಬರುತ್ತದೆ.

ನಾತ ಬರುವುದು ಒದ್ದೆ ಪ್ಯಾಡ್ ಹಾಗೇ ಬಿಟ್ಟಾಗ. ಬಂದ್ ಮಾಡುವ ಮೊದಲು ಪಂಪ್ ನಿಲ್ಲಿಸಿ 15 ನಿಮಿಷ ಫ್ಯಾನ್ ಓಡಿಸಿ. ವಾರಕ್ಕೊಮ್ಮೆ ಟ್ಯಾಂಕಿನ ಗೋಡೆ ತಿಕ್ಕಲೇಬೇಕು: ಡೆಂಗಿ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿದರೆ ಹೋಗುವುದಿಲ್ಲ, ಬೇಸಿಗೆಯಲ್ಲಿ ಏಳರಿಂದ ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ತಗಡಿನ ಕೂಲರ್ ಆದರೆ ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್ ಇಲ್ಲದೆ ಹಚ್ಚಲೇಬೇಡಿ. ಪಂಪಿನ ಒಳಗೆ ನೀರು ಇಳಿದರೆ ಇಡೀ ತಗಡಿಗೆ ಕರೆಂಟ್ ಬರುತ್ತದೆ, ಬರಿಗಾಲ ಮಕ್ಕಳು ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ ಹಾಕಿಸಿದರೆ ಅಂಥ ಹೊತ್ತಲ್ಲಿ ಕರೆಂಟ್ ಕ್ಷಣದಲ್ಲಿ ಕಡಿಯುತ್ತದೆ. ಕೂಲರಿಗೆ ಖರ್ಚು ಮಾಡುವುದಾದರೆ ಮೊದಲು ಇದಕ್ಕೆ ಮಾಡಿ.

ಪ್ರಶ್ನೆ: ಡ್ಯಾಮಿನ ಒಂದ್ ಗೇಟ್ ಹೋದದ್ದಕ್ಕ ಉಳಿದ ಗೇಟ್ ಯಾಕ್ ತೆಗೆದ್ರು? ನೀರು ಉಳಿಸೋ ಬದ್ಲಿ ಬಿಟ್ರಲ್ರಿ?
– ಭತ್ತದ ರೈತರು, ಸಿರುಗುಪ್ಪ

ತುಂಗಭದ್ರೆಯ 19ನೇ ಗೇಟಿನ ಚೈನ್ ತುಂಡಾದದ್ದು 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗ. ಅಣೆಕಟ್ಟಿನ 33 ಗೇಟುಗಳಲ್ಲಿ ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಅಷ್ಟು ದೊಡ್ಡ ಬಾಯಿಯಿಂದ 20 ಅಡಿ ಎತ್ತರದ ನೀರು ನುಗ್ಗುವಾಗ ಯಾವ ಹಲಗೆ ಇಳಿಸಿದರೂ ನಿಲ್ಲದು. ಉಳಿದ ಗೇಟುಗಳಿಂದಲೂ ಬಿಟ್ಟು ನೀರಿನ ಮಟ್ಟ ಇಳಿಸಿ ಒತ್ತಡ ತಗ್ಗಿಸಬೇಕಿತ್ತು. ಆಮೇಲೆ ತುರ್ತಾಗಿ ಮಾಡಿಸಿದ ಐದು ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿದ್ದರಿಂದ ವಾರದಲ್ಲಿ ನೀರು ನಿಂತಿತು. ರೈತರ ಸಂಕಟ ದೊಡ್ಡದು, ಆದರೆ ಅಂದಿನ ನಿರ್ಧಾರ ಸರಿಯಾಗಿತ್ತು. ಹೊಸ ಗೇಟ್ ಕೂಡಿಸಲು ನೀರು ಗೇಟಿನ ಬುಡವಾದ 1613 ಅಡಿಗಿಂತ ಕೆಳಗಿರಬೇಕು. ಪೂರ್ಣ ಮಟ್ಟ 1633 ಅಡಿ.

ಪ್ರಶ್ನೆ: ಬಿಸಿಲಾಗ ಟ್ಯಾಂಕ್ ಫುಲ್ ಮಾಡ್ಸಿದ್ರ ಬೈಕ್ ಸಿಡಿತೈತಂತ. ಖರೇನ?
– ಓದುಗರು, ಬಳ್ಳಾರಿ

ಸುಳ್ಳು. ಪ್ರತಿ ಬೇಸಿಗೆ ತಿರುಗುವ ಈ ಸಂದೇಶವನ್ನು ಇಂಡಿಯನ್ ಆಯಿಲ್ ನಿರಾಕರಿಸಿದೆ. ಕಿಡಿ ತಾಕದೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಲು 250 ಡಿಗ್ರಿ ದಾಟಬೇಕು. ಉಕ್ಕುವುದು ಮಾತ್ರ ನಿಜ: 20 ಡಿಗ್ರಿ ಬಿಸಿ ಏರಿದರೆ 10 ಲೀಟರ್ ಪೆಟ್ರೋಲ್ ಸುಮಾರು 200 ಮಿಲಿ ಹಿಗ್ಗುತ್ತದೆ. ಕಂಠದವರೆಗೆ ಅಲ್ಲ, ಟ್ಯಾಂಕಿನೊಳಗೆ ಇಳಿದಿರುವ ಬಾಯಿಕೊಳವೆಯ ಕೆಳತುದಿಯವರೆಗೆ ಹಾಕಿಸಿ ಸಾಕು.